ಸ್ನಾತಕೋತ್ತರ ಬಿಸಿನೆಸ್ ಅನಲಿಟಿಕ್ಸ್ ಪಾಠಕ್ಕೆ ಸ್ಕ್ರಮ್: ಒಂದು ಸೆಮಿಸ್ಟರ್ ನಡೆಸುವ ಬಗೆ

ಅನಲಿಟಿಕ್ಸ್ ಪ್ರಾಜೆಕ್ಟ್‌ಗಳು ಬಹುತೇಕ ಒಂದೇ ರೀತಿಯಲ್ಲಿ ಕೆಡುತ್ತವೆ. ಮೊದಲ ಎರಡು ವಾರ ವಿಷಯದ ಆಯ್ಕೆ, ಮುಂದಿನ ಐದಾರು ವಾರ ಡೇಟಾ ಶುಚಿಗೊಳಿಸುವ ಕೆಲಸ, ಹತ್ತನೇ ವಾರಕ್ಕೆ ಮಾಡೆಲ್, ಕೊನೆಗೆ ಮೂವತ್ತು ಸ್ಲೈಡ್. ಕೇಳಿಕೊಂಡ ಪ್ರಶ್ನೆಗೆ ಆ ಡೇಟಾದಲ್ಲಿ ಉತ್ತರವೇ ಇರಲಿಲ್ಲ ಎಂದು ಗೊತ್ತಾಗುವುದು ಕೊನೆಯ ವಾರದಲ್ಲಿ. ಅಷ್ಟರಲ್ಲಿ ಕೋಡ್ ಬಲ್ಲ ಒಬ್ಬರು ಮುಕ್ಕಾಲು ಪಾಲು ಕೆಲಸ ಮಾಡಿ ಮುಗಿಸಿರುತ್ತಾರೆ, ಅಂಕ ಮಾತ್ರ ಎಲ್ಲರಿಗೂ ಸಮ.

ಇದಕ್ಕೆ ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ. ಕ್ರಿಸ್ಪ್-ಡಿಎಂ ಎಂಬ ಪ್ರಸಿದ್ಧ ವಿಧಾನದ ಆರು ಹಂತಗಳನ್ನು ನಾವೇ ಕಲಿಸುತ್ತೇವೆ: ವ್ಯವಹಾರದ ಅರಿವು, ಡೇಟಾದ ಅರಿವು, ಡೇಟಾ ಸಿದ್ಧತೆ, ಮಾಡೆಲಿಂಗ್, ಮೌಲ್ಯಮಾಪನ, ಬಳಕೆಗೆ ತರುವುದು. ಹಂತಗಳ ನಡುವೆ ಹಿಂದೆ ಮುಂದೆ ಹೋಗಿ ಬರಬೇಕು ಎಂದು ಅದರ ಚಿತ್ರದಲ್ಲೇ ಬಾಣಗಳಿವೆ. ಆದರೂ ಸೆಮಿಸ್ಟರ್ ವೇಳಾಪಟ್ಟಿ ಸಿಕ್ಕ ಕೂಡಲೇ ತಂಡಗಳು ಹಂತಕ್ಕೆ ಎರಡು ವಾರದಂತೆ ಹಂಚಿಬಿಡುತ್ತವೆ. ಮೌಲ್ಯಮಾಪನ ಒಂಬತ್ತು-ಹತ್ತನೇ ವಾರಕ್ಕೆ ಬೀಳುತ್ತದೆ.

2001ರಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಹದಿನೇಳು ಮಂದಿ ಸೇರಿ ಅಜೈಲ್ (ಕೆಲಸವನ್ನು ಚಿಕ್ಕ ಸುತ್ತುಗಳಲ್ಲಿ ಮಾಡಿ, ತೋರಿಸಿ, ತಿದ್ದಿಕೊಳ್ಳುವ ರೀತಿ) ಪ್ರಣಾಳಿಕೆ ಬರೆದಾಗ ಅವರ ಮುಂದಿದ್ದದ್ದು ಸಾಫ್ಟ್‌ವೇರ್. ಸಾಫ್ಟ್‌ವೇರ್‌ನಲ್ಲಿ ಹೇಗೆ ಕಟ್ಟುವುದು, ಬಳಸುವವರಿಗೆ ನಿಜವಾಗಿ ಏನು ಬೇಕು ಎಂಬ ಅನಿಶ್ಚಯ ಇರುತ್ತದೆ. ಅನಲಿಟಿಕ್ಸ್‌ನಲ್ಲಿ ಇನ್ನೊಂದು ಅನಿಶ್ಚಯ ಸೇರಿಕೊಳ್ಳುತ್ತದೆ: ಈ ಡೇಟಾದಿಂದ ಅದು ಆಗುವುದೇ ಇಲ್ಲವೇ? ಹಾಗಾಗಿ ತರಗತಿಗೆ ಅಜೈಲ್‌ನಿಂದ ಮೊದಲು ತರಬೇಕಾದದ್ದು ಚಿಕ್ಕ ಸುತ್ತು. ಪ್ರತಿ ಎರಡು ವಾರಕ್ಕೊಮ್ಮೆ ಆರೂ ಹಂತಗಳನ್ನು ತೆಳುವಾಗಿಯಾದರೂ ಮುಟ್ಟಿ, ಒಬ್ಬ ನಿರ್ಧಾರಕರ ಮುಂದೆ ಒಂದು ಉತ್ತರ ಇಡಬೇಕು. ಸ್ಕ್ರಮ್ ಎಂಬುದು ಅಜೈಲ್‌ನ ಒಂದು ಪದ್ಧತಿ, ಅದರಲ್ಲಿ ಈ ಸುತ್ತಿನ ಹೆಸರು ಸ್ಪ್ರಿಂಟ್. ಉಳಿದ ಸಭೆ, ಒಂದೊಂದು ಕೆಲಸ ಬರೆದ ಚೀಟಿ, ಚೀಟಿ ಅಂಟಿಸುವ ಬೋರ್ಡ್ ಎಲ್ಲ ಈ ಸುತ್ತಿಗೆ ಆಸರೆ ಅಷ್ಟೇ.

ಮೊದಲು ಗಂಟೆಗಳ ಲೆಕ್ಕ

ಸ್ಕ್ರಮ್‌ನ ಅಧಿಕೃತ ಕೈಪಿಡಿಯಾದ ಸ್ಕ್ರಮ್ ಗೈಡ್‌ನ ಅಳತೆಗಳನ್ನು ಹಾಗೇ ತರಗತಿಗೆ ಇಳಿಸಿದರೆ ಮೊದಲ ತಿಂಗಳಲ್ಲೇ ಎಲ್ಲರಿಗೂ ಸುಸ್ತು. ಅವು ಪೂರ್ಣಾವಧಿ ಕೆಲಸಗಾರರಿಗೆ ಹೇಳಿದ ಅಳತೆಗಳು. ಒಂದು ತಿಂಗಳ ಸ್ಪ್ರಿಂಟ್‌ಗೆ ಏನು ಮಾಡಬೇಕೆಂದು ಗೊತ್ತುಮಾಡುವ ಪ್ಲ್ಯಾನಿಂಗ್ ಗರಿಷ್ಠ 8 ಗಂಟೆ, ಮಾಡಿದ್ದನ್ನು ತೋರಿಸುವ ರಿವ್ಯೂ 4 ಗಂಟೆ, ತಂಡ ತಾನು ಕೆಲಸ ಮಾಡಿದ ಬಗೆಯನ್ನು ಹಿಂತಿರುಗಿ ನೋಡುವ ರೆಟ್ರೊ 3 ಗಂಟೆ, ದಿನದ ಸ್ಕ್ರಮ್ ಎಂಬ ಚುಟುಕು ಸಭೆ (ಸ್ಟ್ಯಾಂಡ್‌ಅಪ್) 15 ನಿಮಿಷ.

ವಿದ್ಯಾರ್ಥಿಯ ಬಳಿ ಇರುವುದೆಷ್ಟು? ವಾರಕ್ಕೆ 90 ನಿಮಿಷದ ಎರಡು ತರಗತಿ, ಹೊರಗೆ ಈ ವಿಷಯಕ್ಕೆ ಸುಮಾರು 6 ಗಂಟೆ ಎಂದುಕೊಳ್ಳಿ. ಐದು ಜನರ ತಂಡಕ್ಕೆ ಎರಡು ವಾರದಲ್ಲಿ ತರಗತಿಯ ಹೊರಗೆ ಸಿಗುವುದು 60 ಗಂಟೆ. ತಲಾ 12 ಗಂಟೆ ಎಂದರೆ ಉದ್ಯೋಗಿಯೊಬ್ಬರ ಒಂದೂವರೆ ದಿನ. ಗೈಡ್‌ನ ಲೆಕ್ಕದಂತೆ 4 ಗಂಟೆ ಪ್ಲ್ಯಾನಿಂಗ್‌ಗೆ ಕೂತರೆ ಐದು ಜನರ 20 ಗಂಟೆ, ಅಂದರೆ ಮೂರನೇ ಒಂದು ಪಾಲು ಅಲ್ಲೇ ಮುಗಿಯಿತು.

ಆದ್ದರಿಂದ ಸಭೆಗಳನ್ನೆಲ್ಲ ತರಗತಿಯ ಒಳಗೇ ಮುಗಿಸಿ, ಹೊರಗಿನ 60 ಗಂಟೆಗೆ ಕೈ ಹಾಕಬೇಡಿ. ಒಂದು ಸ್ಪ್ರಿಂಟ್‌ನ ನಾಲ್ಕು ತರಗತಿಗಳನ್ನು ಹೀಗೆ ಹಂಚಬಹುದು. ಮೊದಲನೆಯದರಲ್ಲಿ 45 ನಿಮಿಷ ಪ್ಲ್ಯಾನಿಂಗ್, 45 ನಿಮಿಷ ಪಾಠ. ಎರಡು ಮತ್ತು ಮೂರನೆಯದರಲ್ಲಿ 10 ನಿಮಿಷ ಸ್ಟ್ಯಾಂಡ್‌ಅಪ್, 40 ನಿಮಿಷ ಪಾಠ, 40 ನಿಮಿಷ ತಂಡದ ಕೆಲಸ. ನಾಲ್ಕನೆಯದರಲ್ಲಿ 50 ನಿಮಿಷ ರಿವ್ಯೂ, 30 ನಿಮಿಷ ರೆಟ್ರೊ, ಉಳಿದ ಹತ್ತು ನಿಮಿಷ ಓಡಾಟಕ್ಕೆ. ದಿನವೂ ಸ್ಟ್ಯಾಂಡ್‌ಅಪ್ ಬೇಡ. ದಿನಕ್ಕೆ ಒಂದು ಗಂಟೆಯೂ ಈ ವಿಷಯಕ್ಕೆ ಸಿಗದವರ ಬಾಯಿಂದ ದಿನವೂ ಬರುವ ಉತ್ತರ "ಇನ್ನೂ ನೋಡಿಲ್ಲ" ಎಂಬುದೊಂದೇ.

14 ವಾರಗಳ ಸೆಮಿಸ್ಟರ್‌ನಲ್ಲಿ 1-2ನೇ ವಾರ ಸಿದ್ಧತೆಗೆ, 3ರಿಂದ 12ರವರೆಗೆ ಎರಡೆರಡು ವಾರದ ಐದು ಸ್ಪ್ರಿಂಟ್, 13ರಲ್ಲಿ ಅಂತಿಮ ಹಸ್ತಾಂತರ, 14ರಲ್ಲಿ ಮೌಖಿಕ ಪರೀಕ್ಷೆ. ಒಂದು ವಾರದ ಸ್ಪ್ರಿಂಟ್‌ನಲ್ಲಿ ತೋರಿಸಲು ಏನೂ ಆಗಿರುವುದಿಲ್ಲ. ಮೂರು ವಾರದ್ದಾದರೆ ತಪ್ಪಿ ಕಲಿಯಲು ಅವಕಾಶ ಮೂರೇ ಸಲ.

ತಂಡ, ಪಾತ್ರ

ಐದು ಜನ ಸರಿಯಾದ ಗಾತ್ರ. ಮೂವರಿದ್ದರೆ ಒಬ್ಬರು ರಜೆ ಹಾಕಿದಾಗ ಕೆಲಸ ನಿಲ್ಲುತ್ತದೆ. ಏಳಾದರೆ ಇಬ್ಬರು ಮರೆಯಾಗುತ್ತಾರೆ. ಹಗ್ಗ ಎಳೆಯುವವರ ಸಂಖ್ಯೆ ಹೆಚ್ಚಿದಂತೆ ಒಬ್ಬೊಬ್ಬರ ಎಳೆತ ಕುಗ್ಗುತ್ತದೆ ಎಂಬ ಫ್ರೆಂಚ್ ಎಂಜಿನಿಯರ್ ರಿಂಗಲ್‌ಮನ್‌ರ ಅವಲೋಕನ 1913ರಷ್ಟು ಹಳೆಯದು, ತಂಡದ ಪ್ರಾಜೆಕ್ಟ್‌ಗಳಲ್ಲಿ ಇಂದಿಗೂ ಹಾಗೇ ಕಾಣುತ್ತದೆ. ತಂಡಗಳನ್ನು ನೀವೇ ಮಾಡಿ. ಮೊದಲ ವಾರ ಪ್ರೋಗ್ರಾಮಿಂಗ್, ಸಂಖ್ಯಾಶಾಸ್ತ್ರ, ವ್ಯವಹಾರದ ಅನುಭವ, ಬರವಣಿಗೆ ಈ ನಾಲ್ಕರಲ್ಲಿ ತಮ್ಮ ಮಟ್ಟವನ್ನು 1ರಿಂದ 5ರೊಳಗೆ ಬರೆದು ಕೊಡಲು ಹೇಳಿ. ಪ್ರತಿ ತಂಡದಲ್ಲಿ ಪ್ರತಿಯೊಂದಕ್ಕೂ 4 ಅಥವಾ ಹೆಚ್ಚು ಇರುವ ಒಬ್ಬರಾದರೂ ಇರಲಿ. ಸಂಜೆ ಹೊತ್ತು ಬಿಡುವಿರುವವರು, ವಾರಾಂತ್ಯ ಮಾತ್ರ ಸಿಗುವವರು ಯಾರು ಎಂದೂ ಕೇಳಿ. ತಂಡ ಒಡೆಯಲು ಕೌಶಲದ ಕೊರತೆಗಿಂತ ಹೊತ್ತು ಹೊಂದದಿರುವುದೇ ಹೆಚ್ಚಾಗಿ ಕಾರಣ.

ಕೆಲಸದ ಆದ್ಯತೆ ನಿರ್ಧರಿಸುವ ಪ್ರಾಡಕ್ಟ್ ಓನರ್ ಯಾರು ಎಂಬಲ್ಲಿ ಅಧ್ಯಾಪಕರು ಎಡವುತ್ತಾರೆ. ತಾವೇ ಆಗಿಬಿಡುವುದು ಸುಲಭ, ಆದರೆ ಅದು ತಪ್ಪು. ಅಂಕ ಹಾಕುವವರೇ ಆದ್ಯತೆ ನಿರ್ಧರಿಸಿದರೆ ವಿದ್ಯಾರ್ಥಿಗಳು ಡೇಟಾ ನೋಡುವ ಬದಲು ನಿಮ್ಮ ಮುಖ ನೋಡುತ್ತಾರೆ. ಯಾವ ಪ್ರಶ್ನೆಗೆ ಮೊದಲು ಉತ್ತರ ಹುಡುಕಬೇಕು, ಯಾವುದನ್ನು ಕೈಬಿಡಬೇಕು ಎಂಬ ತೀರ್ಮಾನವೇ ಈ ಪದವಿಯ ತಿರುಳು, ಅದನ್ನು ಅವರಿಂದ ಕಿತ್ತುಕೊಳ್ಳಬಾರದು. ನೀವು, ಸಿಕ್ಕರೆ ಹೊರಗಿನ ಸಂಸ್ಥೆಯವರೊಬ್ಬರು, ಕೇಳುಗರ ಸ್ಥಾನದಲ್ಲಿರಿ. ಪ್ರಾಡಕ್ಟ್ ಓನರ್ ವಿದ್ಯಾರ್ಥಿಯೇ ಆಗಿರಲಿ, ಮೂರನೇ ಸ್ಪ್ರಿಂಟ್ ಮುಗಿದ ಮೇಲೆ ಒಮ್ಮೆ ಮಾತ್ರ ಬದಲಾಗಲಿ. ಪದೇ ಪದೇ ಬದಲಿಸಿದರೆ ಪ್ರಶ್ನೆಯ ನೆನಪು ಕಳೆದುಹೋಗುತ್ತದೆ. ಸಭೆಗಳನ್ನು ನಡೆಸಿ ಅಡ್ಡಿ ನಿವಾರಿಸುವ ಸ್ಕ್ರಮ್ ಮಾಸ್ಟರ್ ಪಾತ್ರ ಸ್ಪ್ರಿಂಟ್‌ಗೊಬ್ಬರಂತೆ ಸುತ್ತಲಿ. ಐದು ಸ್ಪ್ರಿಂಟ್, ಐದು ಜನ, ಸರಿಹೋಗುತ್ತದೆ. ಈ ಇಬ್ಬರೂ ಚೀಟಿಗಳ ಕೆಲಸವನ್ನೂ ಮಾಡಬೇಕು. "ನಾನು ಮ್ಯಾನೇಜರ್" ಎಂದು ಕೂರಲು ಬಿಡಬೇಡಿ.

ಸ್ಪ್ರಿಂಟ್ ಸೊನ್ನೆ

ಸಿದ್ಧತೆಯ ಮೊದಲ ಎರಡು ವಾರ ಯಾವ ವಿಶ್ಲೇಷಣೆಯೂ ಬೇಡ, ಉಪಕರಣಗಳು ಸಿದ್ಧವಾದರೆ ಸಾಕು. ಒಂದೇ ನೋಟ್‌ಬುಕ್ (ಕೋಡ್, ಫಲಿತಾಂಶ, ಟಿಪ್ಪಣಿ ಒಟ್ಟಿಗಿರುವ ಫೈಲ್) ಐವರ ಕಂಪ್ಯೂಟರ್‌ನಲ್ಲೂ ಮೊದಲ ಸಾಲಿನಿಂದ ಕೊನೆಯವರೆಗೆ ಓಡಬೇಕು. ಲೈಬ್ರರಿಗಳ ಆವೃತ್ತಿ ಬರೆದಿಟ್ಟ ಫೈಲ್ ಇರಬೇಕು. ಫೈಲ್‌ಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಎಲ್ಲರೂ ಒಂದಾದರೂ ಬದಲಾವಣೆ ಸೇರಿಸಿರಬೇಕು. ನೋಟ್‌ಬುಕ್ ಫೈಲ್ ಒಳಗೆ ಜೇಸನ್ ರೂಪದಲ್ಲಿರುವುದರಿಂದ ಇಬ್ಬರು ಒಂದನ್ನೇ ತಿದ್ದಿದರೆ ಗಿಟ್ ಅದನ್ನು ಸುಸೂತ್ರವಾಗಿ ಜೋಡಿಸಲಾರದು. ಅದಕ್ಕೆ ಮೂರು ಕಟ್ಟಳೆ: ಒಂದು ಚೀಟಿಗೆ ಒಂದು ನೋಟ್‌ಬುಕ್, ಎಲ್ಲರೂ ಬಳಸುವ ಫಂಕ್ಷನ್‌ಗಳು ಪ್ರತ್ಯೇಕ ಪೈಥಾನ್ ಫೈಲ್‌ನಲ್ಲಿ, ಸೇರಿಸುವ ಮುನ್ನ ಔಟ್‌ಪುಟ್ ಅಳಿಸುವುದು. ದೊಡ್ಡ ಡೇಟಾ ಫೈಲ್ ಗಿಟ್‌ಗೆ ಹಾಕಬೇಡಿ. 100 ಎಂಬಿ ಮೀರಿದ ಫೈಲನ್ನು ಗಿಟ್‌ಹಬ್ ತಿರಸ್ಕರಿಸುತ್ತದೆ, ಅದನ್ನು ಇತಿಹಾಸದಿಂದ ಕಿತ್ತುಹಾಕಲು ಹೊಸಬರಿಗೆ ಒಂದಿಡೀ ಸಂಜೆ ಬೇಕು.

ಬ್ಯಾಕ್‌ಲಾಗ್: ನಿಜವಾದ ಪಾಠ ಇಲ್ಲಿದೆ

ಬ್ಯಾಕ್‌ಲಾಗ್ ಎಂದರೆ ಮಾಡಬೇಕಾದ ಕೆಲಸಗಳ ಆದ್ಯತೆಯ ಪಟ್ಟಿ. ಹೊಸ ತಂಡದ ಬೋರ್ಡ್‌ನಲ್ಲಿ ಮೊದಲು ಕಾಣುವ ಚೀಟಿಗಳು: "ಡೇಟಾ ಕ್ಲೀನಿಂಗ್", "ಇಡಿಎ" (ಡೇಟಾದ ಪ್ರಾಥಮಿಕ ಪರಿಶೋಧನೆ), "ಮಾಡೆಲ್". ಇವು ಕೆಲಸದ ಹೆಸರುಗಳು, ಯಾವಾಗ ಮುಗಿಯಿತೆಂದು ಯಾರೂ ಹೇಳಲಾರರು. ಚೀಟಿಯಲ್ಲಿ ಮೂರು ವಿಷಯ ಇರಬೇಕು: ಯಾರ ನಿರ್ಧಾರ, ಯಾವ ಪ್ರಶ್ನೆ, ಉತ್ತರ ಸಿಕ್ಕರೆ ಏನು ಬದಲಾಗುತ್ತದೆ.

ಯುಸಿಐ ಎಂಬ ಸಾರ್ವಜನಿಕ ಡೇಟಾ ಸಂಗ್ರಹದಲ್ಲಿರುವ ಬ್ಯಾಂಕ್ ಮಾರ್ಕೆಟಿಂಗ್ ಡೇಟಾ ಇದನ್ನು ಕಲಿಸಲು ಹೇಳಿ ಮಾಡಿಸಿದಂತಿದೆ. ಪೋರ್ಚುಗಲ್‌ನ ಬ್ಯಾಂಕೊಂದು 2008ರ ಮೇಯಿಂದ 2010ರ ನವೆಂಬರ್‌ವರೆಗೆ ನಿಶ್ಚಿತ ಠೇವಣಿಗಾಗಿ ಮಾಡಿದ ಫೋನ್ ಕರೆಗಳ ದಾಖಲೆ ಅದು. ಒಟ್ಟು 45,211 ಸಾಲು, ಒಪ್ಪಿದವರು 5,289, ಅಂದರೆ ಶೇ. 11.7. ಚೀಟಿ ಹೀಗಿರಲಿ: "ಕಾಲ್ ಸೆಂಟರ್ ಮುಖ್ಯಸ್ಥರು ದಿನಕ್ಕೆ 200 ಕರೆ ಮಾತ್ರ ಮಾಡಿಸಬಲ್ಲರು. ಆ 200 ಮಂದಿ ಯಾರು ಎಂದು ತಿಳಿದರೆ ನಾಳೆಯ ಕರೆ ಪಟ್ಟಿ ಬದಲಾಗುತ್ತದೆ."

ಈಗ ಸ್ಪ್ರಿಂಟ್‌ಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಕಣ್ಣುಮುಚ್ಚಿ 200 ಜನರನ್ನು ಆರಿಸಿದರೆ ಸುಮಾರು 23 ಮಂದಿ ಒಪ್ಪುತ್ತಾರೆ. ಇದು ತಳಮಟ್ಟ. ಮೊದಲ ಸ್ಪ್ರಿಂಟ್‌ನಲ್ಲಿ ಯಾವ ಮಾಡೆಲೂ ಇಲ್ಲದೆ ಎಣಿಕೆಯಿಂದಲೇ ಒಂದು ಸಂಗತಿ ಹೊರಬರುತ್ತದೆ: ಹಿಂದಿನ ಅಭಿಯಾನದಲ್ಲಿ ಒಪ್ಪಿದ್ದವರಲ್ಲಿ ಶೇ. 65ರ ಆಸುಪಾಸು ಜನ ಈ ಬಾರಿಯೂ ಒಪ್ಪಿದ್ದಾರೆ. ಅವರಿಗೇ ಮೊದಲು ಕರೆ ಮಾಡಿದರೆ 200ಕ್ಕೆ 23 ಇದ್ದದ್ದು ಸುಮಾರು 130 ಆಗುತ್ತದೆ. ಒಂದು ಸಾಲಿನ ನಿಯಮ, ಎರಡು ವಾರದ ಒಳಗೆ ಬಳಸಬಹುದಾದ ಉತ್ತರ. ಆದರೆ ಅಂಥವರು ಸುಮಾರು ಒಂದೂವರೆ ಸಾವಿರ ಮಾತ್ರ, ಎಂಟು ದಿನಕ್ಕೆ ಪಟ್ಟಿ ಬರಿದು. ಆಮೇಲೆ ಯಾರಿಗೆ? ಈ ಪ್ರಶ್ನೆ ರಿವ್ಯೂನಲ್ಲಿ ಕೇಳುಗರ ಬಾಯಿಂದ ಬರುತ್ತದೆ, ಎರಡನೇ ಸ್ಪ್ರಿಂಟ್‌ನಲ್ಲಿ ಒಬ್ಬೊಬ್ಬರು ಒಪ್ಪುವ ಸಂಭವವನ್ನು ಅಂದಾಜಿಸುವ ಲಾಜಿಸ್ಟಿಕ್ ರಿಗ್ರೆಶನ್‌ಗೆ ಅದೇ ಕಾರಣವಾಗುತ್ತದೆ. ಮೂರನೆಯದರಲ್ಲಿ ಕರೆಯ ಖರ್ಚನ್ನೂ ಠೇವಣಿಯ ಲಾಭವನ್ನೂ ತೂಗಿ ಎಲ್ಲಿಗೆ ನಿಲ್ಲಿಸಬೇಕೆಂಬ ಲೆಕ್ಕ. ನಾಲ್ಕನೆಯದರಲ್ಲಿ ಕಾಲದ ಪರೀಕ್ಷೆ: ಸಾಲುಗಳು ದಿನಾಂಕದ ಕ್ರಮದಲ್ಲೇ ಇವೆ, ಕೊನೆಯ ಭಾಗದಲ್ಲಿ ಒಪ್ಪಿದವರ ಪ್ರಮಾಣ ಮೊದಲಿಗಿಂತ ಬಹಳ ಹೆಚ್ಚು. ಮನಬಂದಂತೆ ಕಲಸಿ ಭಾಗ ಮಾಡಿದಾಗ ಚೆನ್ನಾಗಿ ಕಂಡ ಮಾಡೆಲ್, ಹಳೆಯದರಲ್ಲಿ ಕಲಿತು ಹೊಸದರಲ್ಲಿ ಪರೀಕ್ಷೆಗೆ ನಿಂತಾಗ ಬೇರೆಯೇ ಮುಖ ತೋರಿಸುತ್ತದೆ. ಐದನೆಯದು ಕರೆ ಮಾಡುವವರ ಕೈಗೆ ಕೊಡುವ ಹಾಳೆ.

ಆಗುವುದೋ ಇಲ್ಲವೋ ತಿಳಿಯದ ಕೆಲಸಕ್ಕೆ ಸ್ಪೈಕ್ ಚೀಟಿ ಬಳಸಿ. ಅದಕ್ಕೆ ಗರಿಷ್ಠ 3 ಗಂಟೆ. ಕೊನೆಯಲ್ಲಿ ಅರ್ಧ ಪುಟ: ಏನು ನೋಡಿದೆವು, ಮುಂದುವರಿಯಬೇಕೇ, ಬಿಡಬೇಕೇ. "ಬಿಡೋಣ" ಎಂಬ ಉತ್ತರಕ್ಕೂ ಪೂರ್ಣ ಅಂಕ ಕೊಡಿ. ಇಲ್ಲವಾದರೆ ಸತ್ತ ದಾರಿಯಲ್ಲೇ ಹತ್ತು ವಾರ ನಡೆಯುತ್ತಾರೆ.

ಪಠ್ಯಕ್ರಮದ ಚಿಂತೆ ಸಹಜ. ಬ್ಯಾಕ್‌ಲಾಗ್ ತಂಡದ್ದಾದರೆ ರಿಗ್ರೆಶನ್, ಕ್ಲಸ್ಟರಿಂಗ್, ಮುನ್ನಂದಾಜು ಎಲ್ಲವನ್ನೂ ಮುಟ್ಟುತ್ತಾರೆ ಎಂಬ ಭರವಸೆ ಏನು? ಆರು ಕಡ್ಡಾಯ ಚೀಟಿಗಳನ್ನು ನೀವೇ ಬರೆದು ಎಲ್ಲ ತಂಡಗಳಿಗೂ ಹಂಚಿ. ಯಾವ ಸ್ಪ್ರಿಂಟ್‌ನಲ್ಲಿ ತೆಗೆದುಕೊಳ್ಳಬೇಕು ಎಂಬುದು ಅವರಿಗೆ ಬಿಟ್ಟದ್ದು.

ಪ್ರತಿ ಚೀಟಿಗೆ ಎಷ್ಟು ಶ್ರಮ ಎಂಬ ಅಂದಾಜಿಗೆ 1, 2, 3, 5, 8, 13 ಇರುವ ಪ್ಲ್ಯಾನಿಂಗ್ ಪೋಕರ್ ಎಲೆಗಳು ಸಾಕು, ಐವರೂ ಒಟ್ಟಿಗೆ ತಿರುಗಿಸಬೇಕು. ಒಬ್ಬರು 2, ಇನ್ನೊಬ್ಬರು 8 ತೋರಿಸಿದಾಗ ಆಗುವ ಮಾತೇ ಇದರ ಲಾಭ: ಒಬ್ಬರಿಗೆ ಎರಡು ಟೇಬಲ್‌ಗಳ ಕೀಲಿ ಹೊಂದುವುದಿಲ್ಲ ಎಂದು ಗೊತ್ತಿದೆ, ಇನ್ನೊಬ್ಬರಿಗೆ ಗೊತ್ತಿಲ್ಲ. 8 ಅಥವಾ ಹೆಚ್ಚು ಬಂದ ಚೀಟಿಯನ್ನು ಒಡೆಯಿರಿ. ಮೊದಲ ಸ್ಪ್ರಿಂಟ್‌ನಲ್ಲಿ ತಂಡಗಳು ಆಗುವುದರ ಎರಡರಷ್ಟು ಒಪ್ಪಿಕೊಳ್ಳುತ್ತವೆ. ತಡೆಯಬೇಡಿ. ಎರಡನೆಯದರಿಂದ ಮಾತ್ರ, ಹಿಂದಿನ ಬಾರಿ ಮುಗಿಸಿದಷ್ಟೇ ತೆಗೆದುಕೊಳ್ಳಬೇಕೆಂಬ ನಿಯಮ ತನ್ನಿ.

ಮುಗಿಯಿತು ಎಂದರೆ ಏನು

ಡೆಫಿನಿಷನ್ ಆಫ್ ಡನ್ ಎಂಬ ಹಾಳೆಯನ್ನು ಬೋರ್ಡ್ ಪಕ್ಕ ಅಂಟಿಸಿ. ಇಡೀ ವ್ಯವಸ್ಥೆಯಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳಲು ಸಾಧ್ಯವಾದರೆ ಇದನ್ನು ಉಳಿಸಿಕೊಳ್ಳಿ.

- ಬರೆದವರಲ್ಲದ ಒಬ್ಬರ ಕಂಪ್ಯೂಟರ್‌ನಲ್ಲಿ ನೋಟ್‌ಬುಕ್ ಮೊದಲಿನಿಂದ ಓಡಿ ಅದೇ ಸಂಖ್ಯೆ ಕೊಟ್ಟಿದೆ, ರ‍್ಯಾಂಡಮ್ ಸೀಡ್ (ಯಾದೃಚ್ಛಿಕ ಆಯ್ಕೆ ಪ್ರತಿ ಸಲವೂ ಒಂದೇ ಬರುವಂತೆ ಮಾಡುವ ಸಂಖ್ಯೆ) ಗೊತ್ತುಮಾಡಿದೆ.
- ಪ್ರತಿ ಫಿಲ್ಟರ್, ಪ್ರತಿ ಜೋಡಣೆಯ ಮುಂಚೆ ಮತ್ತು ನಂತರ ಎಷ್ಟು ಸಾಲು ಎಂದು ಬರೆದಿದೆ.
- ಮುನ್ಸೂಚನೆ ಹೇಳಬೇಕಾದ ಗಳಿಗೆಯಲ್ಲಿ ತಿಳಿದಿರಲಾರದ ಯಾವ ಅಂಕಣವನ್ನೂ ಬಳಸಿಲ್ಲ.
- ಫಲಿತಾಂಶವನ್ನು ತಳಮಟ್ಟದ ಸರಳ ನಿಯಮದ ಪಕ್ಕ ಇಟ್ಟಿದೆ.
- ನಿರ್ಧಾರಕರಿಗೆ ಅರ್ಥವಾಗುವ ಐದು ಸಾಲಿನ ಬರಹ ಇದೆ, ಅದರಲ್ಲಿ ತಾಂತ್ರಿಕ ಪದ ಇಲ್ಲ.

ಎರಡನೇ ಅಂಶ ಏಕೆ? ಯುಸಿಐನ ಇನ್ನೊಂದು ಪ್ರಸಿದ್ಧ ಡೇಟಾ ಆನ್‌ಲೈನ್ ರೀಟೇಲ್. 541,909 ಸಾಲುಗಳಲ್ಲಿ 135,080 ಸಾಲಿಗೆ ಗ್ರಾಹಕ ಸಂಖ್ಯೆ ಇಲ್ಲ. ಖಾಲಿ ಇರುವುದನ್ನು ಕೈಬಿಡುವ ಒಂದು ಸಾಲಿನ ಆಜ್ಞೆ ಬರೆದ ವಿದ್ಯಾರ್ಥಿ, ಅರಿವಿಲ್ಲದೆ ಕಾಲು ಭಾಗ ಸಾಲುಗಳನ್ನು ಅಳಿಸಿ, ಆಮೇಲೆ ಒಟ್ಟು ಮಾರಾಟದ ಬಗ್ಗೆ ಮಾತಾಡುತ್ತಾರೆ. ಅದರಲ್ಲೇ ಸಿ ಅಕ್ಷರದಿಂದ ಶುರುವಾಗುವ ಬಿಲ್‌ಗಳು ರದ್ದಾದವು, ಅವುಗಳ ಪ್ರಮಾಣ ಋಣ ಸಂಖ್ಯೆಯಲ್ಲಿದೆ. ಅವನ್ನು ತೆಗೆಯಬೇಕೋ ಇಟ್ಟುಕೊಳ್ಳಬೇಕೋ ಎಂಬುದು ಪ್ರಶ್ನೆಯನ್ನು ಅವಲಂಬಿಸಿದೆ, ಆದರೆ ಎಷ್ಟು ತೆಗೆದೆವು ಎಂದು ಬರೆಯುವುದು ಎಲ್ಲ ಪ್ರಶ್ನೆಗಳಿಗೂ ಬೇಕು.

ಮೂರನೆಯದಕ್ಕೆ ಮತ್ತೆ ಬ್ಯಾಂಕ್ ಡೇಟಾ. ಕರೆ ಎಷ್ಟು ಸೆಕೆಂಡ್ ನಡೆಯಿತು ಎಂಬ ಡ್ಯುರೇಶನ್ ಅಂಕಣ ಅಲ್ಲಿದೆ. ಅದನ್ನು ಹಾಕಿದ ಕೂಡಲೇ ಮಾಡೆಲ್ ಹೊಳೆಯುತ್ತದೆ, ಏಕೆಂದರೆ ಒಪ್ಪುವವರು ಹೆಚ್ಚು ಹೊತ್ತು ಮಾತಾಡುತ್ತಾರೆ. ಆದರೆ ಯಾರಿಗೆ ಕರೆ ಮಾಡಬೇಕೆಂದು ಆರಿಸುವಾಗ ಆ ಕರೆ ಇನ್ನೂ ನಡೆದೇ ಇಲ್ಲ! ನಾಲ್ಕನೆಯದೂ ಹಾಗೆಯೇ: ಎಲ್ಲರೂ "ಇಲ್ಲ" ಎನ್ನುತ್ತಾರೆ ಎಂದು ಹೇಳುವ ಮಾಡೆಲ್ ಇಲ್ಲಿ ಶೇ. 88 ಸರಿ. "ನಮ್ಮ ನಿಖರತೆ ಶೇ. 89" ಎಂದು ಹೆಮ್ಮೆಯಿಂದ ಬಂದ ತಂಡಕ್ಕೆ ಈ ಒಂದು ಸಂಖ್ಯೆ ತೋರಿಸಿದರೆ ಸಾಕು.

ಬೋರ್ಡ್

ಐದು ಕಾಲಂ: ಬ್ಯಾಕ್‌ಲಾಗ್, ಈ ಸ್ಪ್ರಿಂಟ್, ನಡೆಯುತ್ತಿದೆ, ಪರಿಶೀಲನೆ, ಮುಗಿದಿದೆ. ಟ್ರೆಲ್ಲೊ, ಗಿಟ್‌ಹಬ್ ಪ್ರಾಜೆಕ್ಟ್ಸ್, ಗೋಡೆಯ ಮೇಲಿನ ಕಾಗದ ಯಾವುದಾದರೂ ಆದೀತು. ಜಿರಾ ತಂತ್ರಾಂಶ ಕಲಿಯಲು ಹೋಗುವ ಸಮಯ ಈ ಪಾಠಕ್ಕೆ ತಕ್ಕುದಲ್ಲ. "ನಡೆಯುತ್ತಿದೆ"ಯಲ್ಲಿ ಒಮ್ಮೆಗೆ 3 ಚೀಟಿ, "ಪರಿಶೀಲನೆ"ಯಲ್ಲಿ 2, ಅದಕ್ಕಿಂತ ಹೆಚ್ಚು ಬೇಡ. ಐದು ಜನರಿಗೆ ಮೂರೇ ಚೀಟಿ ಎಂದಾಗ ಪ್ರತಿಭಟನೆ ಬರುತ್ತದೆ. ಆಗ ಲಿಟಲ್ ನಿಯಮವನ್ನು (ತೆರೆದ ಚೀಟಿಗಳನ್ನು ದಿನಕ್ಕೆ ಮುಗಿಯುವ ಚೀಟಿಗಳಿಂದ ಭಾಗಿಸಿದರೆ ಒಂದಕ್ಕೆ ಹಿಡಿಯುವ ಸರಾಸರಿ ದಿನ) ಬೋರ್ಡ್ ಮೇಲೇ ಬರೆದು ತೋರಿಸಿ, ಆಪರೇಷನ್ಸ್ ಪಾಠವೂ ಆಯಿತು: ಎರಡು ದಿನಕ್ಕೆ ಒಂದು ಚೀಟಿ ಮುಗಿಯುವ ತಂಡದಲ್ಲಿ ಆರು ಚೀಟಿ ತೆರೆದಿದ್ದರೆ ಒಂದೊಂದಕ್ಕೂ ಸರಾಸರಿ 12 ದಿನ, ಮೂರಾದರೆ 6 ದಿನ. 12 ದಿನ ಎಂದರೆ ಸ್ಪ್ರಿಂಟೇ ಮುಗಿದಂತೆ. ಮಿತಿ ಇದ್ದರೆ ಇಬ್ಬರು ಜೋಡಿಯಾಗಿ ಕೂರಲೇಬೇಕು, ಕೋಡ್ ಕಡಿಮೆ ಬಲ್ಲವರ ಕೈಯಲ್ಲಿ ಕೀಲಿಮಣೆ ಇರಲಿ. ಬಲ್ಲವರೊಬ್ಬರೇ ಎಲ್ಲ ಮಾಡುವ ರೋಗಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಸ್ಟ್ಯಾಂಡ್‌ಅಪ್‌ನಲ್ಲಿ "ನಿನ್ನೆ ಏನು ಮಾಡಿದೆ, ಇಂದು ಏನು ಮಾಡುವೆ, ಅಡ್ಡಿ ಏನು" ಎಂಬ ಮೂರು ಪ್ರಶ್ನೆಗಳ ಸರದಿ ವರದಿ ಒಪ್ಪಿಸುವಂತಾಗುತ್ತದೆ. ಸ್ಕ್ರಮ್ ಗೈಡ್‌ನ 2020ರ ಆವೃತ್ತಿಯೂ ಅವನ್ನು ಕೈಬಿಟ್ಟಿದೆ. ಬೋರ್ಡ್‌ನ ಬಲಗಡೆಯಿಂದ ಶುರುಮಾಡಿ: ಪರಿಶೀಲನೆಯಲ್ಲಿರುವ ಚೀಟಿ ಮುಗಿಯಲು ಏನು ಬೇಕು, ಆಮೇಲೆ ನಡೆಯುತ್ತಿರುವುದು. ಎರಡು ಸ್ಟ್ಯಾಂಡ್‌ಅಪ್ ಕಳೆದರೂ ಜಾಗ ಬಿಡದ ಚೀಟಿಗೆ ಕೆಂಪು ಚುಕ್ಕೆ ಇಡಿ. ಅಧ್ಯಾಪಕರು ದೂರ ನಿಂತು ಕೇಳಬೇಕು. ಹತ್ತಿರ ನಿಂತರೆ ಎಲ್ಲರೂ ನಿಮಗೇ ಉತ್ತರ ಹೇಳುತ್ತಾರೆ.

ರಿವ್ಯೂ ಮತ್ತು ರೆಟ್ರೊ

ಆರು ತಂಡಗಳು ಒಂದೊಂದಾಗಿ ಬಂದು ಹೇಳಿದರೆ ತಲಾ 8 ನಿಮಿಷ, ಉಳಿದವರು ಫೋನ್ ನೋಡುತ್ತಾರೆ. ಬದಲಿಗೆ ಆರು ಮೇಜು ಹಾಕಿ. ಪ್ರತಿ ತಂಡದ ಇಬ್ಬರು ಮೇಜಿನ ಬಳಿ, ಮೂವರು ಸುತ್ತಾಟಕ್ಕೆ, 15 ನಿಮಿಷದ ಮೂರು ಸುತ್ತು. ಪ್ರತಿ ಸುತ್ತಿಗೂ ಮೇಜಿನವರು ಬದಲಾಗಲಿ. ಸ್ಲೈಡ್ ಬೇಡ, ಓಡುವ ನೋಟ್‌ಬುಕ್ ಅಥವಾ ಡ್ಯಾಶ್‌ಬೋರ್ಡ್ ಮಾತ್ರ. ಕೇಳುಗರು ಕೇಳಬೇಕಾದ ಪ್ರಶ್ನೆ ಒಂದೇ: "ಇದನ್ನು ನೋಡಿ ನಾಳೆ ನಾನು ಯಾವುದನ್ನು ಬೇರೆ ರೀತಿ ಮಾಡಲಿ?" ಉತ್ತರ ಬರದಿದ್ದರೆ ಆ ಚೀಟಿ ಮುಗಿದಿಲ್ಲ.

ಮೂರನೇ ರಿವ್ಯೂನಲ್ಲಿ ಬೇಕೆಂದೇ ಒಂದು ಬದಲಾವಣೆ ತನ್ನಿ: "ದಿನಕ್ಕೆ 200 ಅಲ್ಲ, ಇನ್ನು ಮುಂದೆ 80 ಕರೆ ಮಾತ್ರ." ಸ್ಪ್ರಿಂಟ್ ನಡುವೆ ತರಬಾರದು, ಸ್ಪ್ರಿಂಟ್ ಗುರಿಯನ್ನು ಕಾಯುವುದೂ ಪಾಠವೇ. ಪಟ್ಟಿಯನ್ನು ಫಂಕ್ಷನ್ ಆಗಿ ಬರೆದ ತಂಡ ಐದು ನಿಮಿಷದಲ್ಲಿ ಉತ್ತರಿಸುತ್ತದೆ. 200 ಎಂಬ ಸಂಖ್ಯೆಯನ್ನು ಹನ್ನೊಂದು ಕಡೆ ಕೈಯಾರೆ ಬರೆದ ತಂಡಕ್ಕೆ ಕೋಡ್ ಶಿಸ್ತಿನ ಬೆಲೆ ಅಂದೇ ತಿಳಿಯುತ್ತದೆ.

ರೆಟ್ರೊ ಹೊತ್ತಿಗೆ ನೀವು ಕೋಣೆಯಿಂದ ಹೊರಗೆ ಹೋಗಿ. ಮೊದಲ 5 ನಿಮಿಷ ಮಾತಿಲ್ಲದೆ ಚೀಟಿಯಲ್ಲಿ ಬರೆಯುವುದು. ಇಲ್ಲದಿದ್ದರೆ ಮೊದಲು ಬಾಯಿ ತೆರೆದವರ ಮಾತೇ ತಂಡದ ಮಾತಾಗುತ್ತದೆ. ಕೊನೆಗೆ ಒಂದೇ ಒಂದು ಬದಲಾವಣೆ ಆರಿಸಿ ಅದನ್ನು ಮುಂದಿನ ಸ್ಪ್ರಿಂಟ್‌ನ ಚೀಟಿಯಾಗಿ ಬೋರ್ಡ್‌ಗೆ ಹಾಕಬೇಕು. "ಇನ್ನು ಮೇಲೆ ಚೆನ್ನಾಗಿ ಮಾತಾಡಿಕೊಳ್ಳೋಣ" ಎಂಬುದು ಬದಲಾವಣೆಯಲ್ಲ. "ಗುರುವಾರ ರಾತ್ರಿ 9ರೊಳಗೆ ಪರಿಶೀಲನೆಗೆ ಕೊಡದ ಚೀಟಿ ಮುಂದಿನ ಸ್ಪ್ರಿಂಟ್‌ಗೆ" ಎಂಬುದು ಬದಲಾವಣೆ.

ಅಂಕ

ಚೀಟಿಗಳ ಅಂದಾಜಿನ ಅಂಕಿಗಳಾದ ಸ್ಟೋರಿ ಪಾಯಿಂಟ್‌ಗಳಿಗಾಗಲಿ, ಸ್ಪ್ರಿಂಟ್‌ನಲ್ಲಿ ಮುಗಿಸಿದ ಪಾಯಿಂಟ್‌ಗಳ ಮೊತ್ತವಾದ ವೆಲಾಸಿಟಿಗಾಗಲಿ ಅಂಕ ಕೊಡಬೇಡಿ. ಕೊಟ್ಟ ಮರುದಿನವೇ 3ರ ಚೀಟಿಗಳೆಲ್ಲ 8 ಆಗುತ್ತವೆ, ಅಂದಾಜು ಎಂಬುದು ಚೌಕಾಸಿಯಾಗುತ್ತದೆ. ಉಳಿದ ಕೆಲಸ ದಿನದಿನಕ್ಕೆ ಇಳಿಯುವುದನ್ನು ತೋರಿಸುವ ಬರ್ನ್‌ಡೌನ್ ಚಾರ್ಟ್‌ಗೂ ಇದೇ ಮಾತು.

ತಂಡಕ್ಕೆ 50, ವ್ಯಕ್ತಿಗೆ 50 ಎಂಬ ಹಂಚಿಕೆ ತೂಕವಾಗಿ ನಿಲ್ಲುತ್ತದೆ. ತಂಡದ್ದರಲ್ಲಿ ಮೊದಲ ಸ್ಪ್ರಿಂಟ್‌ಗೆ 4, ಉಳಿದ ನಾಲ್ಕಕ್ಕೆ 8ರಂತೆ 32, ಅಂತಿಮ ಹಸ್ತಾಂತರಕ್ಕೆ 14. ಮೊದಲನೆಯದಕ್ಕೆ ಕಡಿಮೆ ಇಟ್ಟದ್ದು ಸೋಲು ಅಗ್ಗವಾಗಿರಲಿ ಎಂದೇ. ವ್ಯಕ್ತಿಯದರಲ್ಲಿ ಮೌಖಿಕ 20, ಮಾಡಿದ ಮತ್ತು ಪರಿಶೀಲಿಸಿದ ಚೀಟಿಗಳಿಗೆ 15, ಸಹಪಾಠಿಗಳ ಮೌಲ್ಯಮಾಪನ 10, ಸ್ಕ್ರಮ್ ಮಾಸ್ಟರ್ ಪಾತ್ರಕ್ಕೆ 5.

ಸಹಪಾಠಿಗಳ ಮೌಲ್ಯಮಾಪನಕ್ಕೆ ಪ್ರತಿಯೊಬ್ಬರೂ 100 ಅಂಶಗಳನ್ನು ಉಳಿದ ನಾಲ್ವರಿಗೆ ಹಂಚಬೇಕು, ತಮಗೆ ತಾವು ಕೊಟ್ಟುಕೊಳ್ಳುವಂತಿಲ್ಲ. ಒಬ್ಬೊಬ್ಬರಿಗೆ ಬಂದದ್ದನ್ನು ಕೂಡಿದರೆ ಸರಾಸರಿ 100 ಇರುತ್ತದೆ. ಎರಡನೇ ಸ್ಪ್ರಿಂಟ್ ಮುಗಿದಾಗ ಒಮ್ಮೆ ಅಂಕವಿಲ್ಲದೆ ನಡೆಸಿ, 70ಕ್ಕಿಂತ ಕೆಳಗೆ ಬಂದವರ ಜತೆ ಅದೇ ವಾರ ಒಬ್ಬೊಬ್ಬರಾಗಿ ಕೂತು ಮಾತಾಡಿ. ಎಷ್ಟೋ ಸಲ ಆ ವ್ಯಕ್ತಿ ಸೋಮಾರಿಯಲ್ಲ, ಮೊದಲ ವಾರವೇ ಗಿಟ್‌ನಲ್ಲಿ ಸಿಕ್ಕಿಹಾಕಿಕೊಂಡು ಹೇಳಲು ನಾಚಿದವರು. ಐದನೆಯದರ ನಂತರ ಅಂಕಕ್ಕಾಗಿ ಮತ್ತೊಮ್ಮೆ.

ಮೌಖಿಕದಲ್ಲಿ ವಿದ್ಯಾರ್ಥಿ ತಾನು ಬರೆಯದ, ಆದರೆ ತಾನು ಪರಿಶೀಲಿಸಿ ಸಹಿ ಹಾಕಿದ ಚೀಟಿಯ ನೋಟ್‌ಬುಕ್ ತೆರೆಯಿರಿ. ಒಂದು ಜೋಡಣೆಯ ಸಾಲು ತೋರಿಸಿ, ಇಲ್ಲಿ ಸಾಲುಗಳ ಸಂಖ್ಯೆ ಏಕೆ ಹೆಚ್ಚಾಯಿತು ಎಂದು ಕೇಳಿ. ಹತ್ತು ನಿಮಿಷ ಸಾಕು. ಈ ಪರೀಕ್ಷೆ ಬರುತ್ತದೆಂದು ಮೊದಲ ದಿನವೇ ತಿಳಿಸಿದರೆ, ಕಣ್ಣುಮುಚ್ಚಿ "ಸರಿಯಿದೆ" ಎನ್ನುವ ಪರಿಶೀಲನೆಗಳು ಬಹುಮಟ್ಟಿಗೆ ನಿಲ್ಲುತ್ತವೆ.

ಅರವತ್ತು ಜನರಿದ್ದರೆ ಹನ್ನೆರಡು ತಂಡ, ಒಬ್ಬ ಅಧ್ಯಾಪಕರಿಗೆ ಭಾರ. ಆರು ತಂಡಗಳ ಸ್ಪ್ರಿಂಟನ್ನು ಒಂದು ವಾರ ತಡವಾಗಿ ಶುರುಮಾಡಿಸಿ. ಒಂದು ವಾರ ಆರು ತಂಡಗಳ ರಿವ್ಯೂ, ಮರುವಾರ ಉಳಿದ ಆರರದ್ದು, ಆಗ ಯಾವ ವಾರವೂ ಆರು ಮೇಜು ಮೀರುವುದಿಲ್ಲ. ತಡವಾಗಿ ಶುರುಮಾಡಿದವರ ಐದನೇ ಸ್ಪ್ರಿಂಟ್ 13ನೇ ವಾರಕ್ಕೆ ಮುಗಿಯುವುದರಿಂದ ಅವರ ಕೊನೆಯ ರಿವ್ಯೂ ಮತ್ತು ಅಂತಿಮ ಹಸ್ತಾಂತರ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಿ. ಅರವತ್ತು ಜನರ ಮೌಖಿಕಕ್ಕೆ ಒಟ್ಟು 10 ಗಂಟೆ ಬೇಕು. ಅದನ್ನು ಒಂದೇ ದಿನಕ್ಕೆ ತುರುಕದೆ 14ನೇ ವಾರದ ಐದೂ ದಿನಗಳಿಗೆ ದಿನಕ್ಕೆ ಎರಡು ಗಂಟೆಯಂತೆ ಹಂಚಿ, ವೇಳಾಪಟ್ಟಿಯನ್ನು ಸ್ಪ್ರಿಂಟ್ ಸೊನ್ನೆಯಲ್ಲೇ ಕೊಟ್ಟುಬಿಡಿ.